ಮುರಿಯಲೇಬೇಕಾದ ಎರಡು ಮಿಲಿಮೀಟರ್

ಹೆಬ್ಬಾಳದ ನಮ್ಮ ಮನೆಯ ಹಿಂದೆ ಒಂದು ಖಾಲಿ ಸೈಟಿದೆ. ಮನೆ ಕಟ್ಟೋಕೆ ಅಂತ ಮಾಲೀಕರು ಸೈಜುಗಲ್ಲು ಇಳಿಸಿ ಎರಡು ವರ್ಷ ಆಯ್ತು. ಮನೆ ಏಳಲಿಲ್ಲ, ಕಲ್ಲು ಹಾಗೇ ಬಿದ್ದಿದೆ. ಆ ರಾಶಿಯೇ ನಮಗೆ ಆಗುಂಬೆ ಘಾಟಿ. ಭಾನುವಾರ ಸಂಜೆ ನಮ್ಮ ಟ್ರಕ್ಕು ಅದನ್ನು ಹತ್ತುತ್ತದೆ.

ಟ್ರಕ್ಕು ಅಂದರೆ ಗಾಬರಿ ಬೇಡ. ಒಂದೂವರೆ ಅಡಿ ಉದ್ದದ್ದು. ಅಸಲಿ ಗಾಡಿಯ ಹತ್ತನೇ ಒಂದು ಅಳತೆ, ರಿಮೋಟ್‌ನಲ್ಲಿ ಓಡುತ್ತೆ. ಇದು ಜುಂಯ್ ಅಂತ ಓಡುವ ಜಾತಿಯದ್ದಲ್ಲ, 'ಕ್ರಾಲರ್'. ಆಮೆಯ ಹಾಗೆ ನಿಧಾನವಾಗಿ, ಕಲ್ಲು ತಬ್ಬಿಕೊಂಡು ಹತ್ತುವಂಥದ್ದು.

ಅವತ್ತು ರಿಮೋಟ್ ಅಣ್ಣನ ಮಗನ ಕೈಯಲ್ಲಿತ್ತು. ಅವನಿಗೆ ಹತ್ತು ವರ್ಷ. ಹಿಂದಿನ ಬಲ ಚಕ್ರ ಎರಡು ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಅವನು ಬಿಡದೆ ಒತ್ತಿದ. 'ಟಕ್' ಅಂತ ಸದ್ದು. ಮೂರು ಚಕ್ರ ತಿರುಗುತ್ತಿವೆ, ಅದೊಂದು ಮಾತ್ರ ಸುಮ್ಮನಿದೆ.

"ಅತ್ತೆ, ಸತ್ತೋಯ್ತಾ?"

"ಇಲ್ಲ ಪುಟ್ಟಾ, ಏನೋ ಸಣ್ಣದು ಮುರಿದಿದೆ ಅಷ್ಟೆ."

ಆ 'ಅಷ್ಟೆ' ನನ್ನನ್ನು ಮೂರು ತಿಂಗಳು ಪೀಣ್ಯಕ್ಕೆ ಅಲೆಸಿತು ನೋಡಿ.

ಅಡಿಕೆಯಷ್ಟು ದೊಡ್ಡ ಸಮಸ್ಯೆ

ಚಕ್ರ ಬಿಚ್ಚಿದೆ. ಒಳಗಿನ ವ್ಯವಸ್ಥೆ ಸರಳ. 5 ಮಿ.ಮೀ. ದಪ್ಪದ ಒಂದು ಶಾಫ್ಟು. ಅದರ ತುದಿಯ ಹತ್ತಿರ ಅಡ್ಡಕ್ಕೆ ಒಂದು ತೂತು, ಆ ತೂತಿನಲ್ಲಿ 2 ಮಿ.ಮೀ. ದಪ್ಪದ ಪಿನ್ನು. ಅದರ ಮೇಲೆ ಆರು ಮೂಲೆಯ ಒಂದು ಬಿಲ್ಲೆ ಕೂರುತ್ತೆ, ಅದಕ್ಕೆ ಹೆಕ್ಸ್ ಅಂತಾರೆ. ಬಿಲ್ಲೆಯ ಬೆನ್ನಲ್ಲಿರುವ ಗಾಡಿಗೆ ಪಿನ್ನು ಸಿಕ್ಕಿಕೊಳ್ಳುತ್ತೆ, ಬಿಲ್ಲೆಯ ಆರು ಮೂಲೆ ಚಕ್ರದೊಳಗೆ ಸಿಕ್ಕಿಕೊಳ್ಳುತ್ತೆ. ಮೇಲೊಂದು 4 ಮಿ.ಮೀ. ನಟ್ಟು. ಶಾಫ್ಟು ತಿರುಗಿದರೆ ಚಕ್ರ ತಿರುಗಲೇಬೇಕು. ಹತ್ತನೇ ಒಂದು ಅಳತೆಯ ಗಾಡಿಗಳಲ್ಲಿ ಈ ಬಿಲ್ಲೆ ಸಾಮಾನ್ಯವಾಗಿ 12 ಮಿ.ಮೀ. ಅಗಲ. ಹಾಗಾಗಿ ಒಂದು ಕಂಪನಿಯ ಚಕ್ರ ಇನ್ನೊಂದು ಕಂಪನಿಯ ಗಾಡಿಗೂ ಕೂರುತ್ತೆ.

ನಮ್ಮ ಗಾಡಿಯ ಬಿಲ್ಲೆ ಪ್ಲಾಸ್ಟಿಕ್ಕಿನದು. ಮೂಲೆಗಳೆಲ್ಲ ಸವೆದು ದುಂಡಾಗಿದ್ದವು, ಪಿನ್ನು ಕೂರುವ ಗಾಡಿ ಹರಿದುಹೋಗಿತ್ತು. ಹೊರದೇಶದಿಂದ ತರಿಸೋಣ ಅಂದರೆ ಪಾರ್ಟಿಗಿಂತ ಸಾಗಣೆ ಮತ್ತು ಸುಂಕದ ಖರ್ಚೇ ಜಾಸ್ತಿ, ಜೊತೆಗೆ ವಾರಗಟ್ಟಲೆ ಕಾಯಬೇಕು. ನಾನೇ ಮಾಡಿಸಿದರೆ? ಅದೂ ಲೋಹದಲ್ಲಿ?

ಇಲ್ಲಿ ನನ್ನ ಕಥೆ ಒಂಚೂರು ಹೇಳಬೇಕು. ನಾನು ಓದಿದ್ದು ಮೆಕ್ಯಾನಿಕಲ್. ಕ್ಯಾಂಪಸ್ಸಿನಲ್ಲಿ ಸಿಕ್ಕಿದ್ದು ಸಾಫ್ಟ್‌ವೇರ್ ಕೆಲಸ. ಈಗ ಒಂಬತ್ತು ವರ್ಷದಿಂದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಬೇರೆಯವರು ಬರೆದ ಕೋಡ್‌ನಲ್ಲಿ ತಪ್ಪು ಹುಡುಕುತ್ತೇನೆ. ಕಾಲೇಜಿನ ಮಷೀನ್ ಶಾಪಿನಲ್ಲಿ ಸ್ಟೆಪ್ ಟರ್ನಿಂಗ್, ನರ್ಲಿಂಗ್ ಮಾಡಿ ತೋರಿಸಿದ್ದ ಕಬ್ಬಿಣದ ತುಂಡೊಂದು ಇವತ್ತಿಗೂ ಅಮ್ಮನ ಷೋಕೇಸಿನಲ್ಲಿದೆ. ಅದಾದ ಮೇಲೆ ಲೇತ್ ಮುಟ್ಟಿದ್ದೇ ಇಲ್ಲ. ನಿಮ್ಮಲ್ಲಿ ಎಷ್ಟೋ ಜನರ ಕಥೆಯೂ ಇದೇ ಇರಬಹುದು.

ಐದರೊಳಗೆ ಐದು ಹೋಗುತ್ತಾ?

ಎರಡು ರಾತ್ರಿ ಕೂತು ಕಂಪ್ಯೂಟರ್‌ನಲ್ಲಿ ಬಿಲ್ಲೆಯ ಮಾಡೆಲ್ ಮಾಡಿದೆ. ಫ್ರೀಕ್ಯಾಡ್ ಪೂರ್ತಿ ಉಚಿತ, ಫ್ಯೂಷನ್‌ಗೂ ಸ್ವಂತ ಬಳಕೆಗೆ ಉಚಿತ ಲೈಸೆನ್ಸ್ ಇದೆ. ಆಫೀಸಿನ ಗೆಳೆಯನ 3ಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನ ಒಂದು ಮಾದರಿ ತೆಗೆಸಿದೆ. ಆಕಾರ ಸರಿಯಿತ್ತು, ತೂತು ಮಾತ್ರ ಬಿಗಿ. ಪ್ರಿಂಟರ್‌ನಲ್ಲಿ ತೂತುಗಳು ಸಾಮಾನ್ಯವಾಗಿ ಬರೆದದ್ದಕ್ಕಿಂತ ಚಿಕ್ಕದಾಗಿಯೇ ಬರುತ್ತವೆ. 5.2 ಅಂತ ತಿದ್ದಿ ಇನ್ನೊಂದು ತೆಗೆಸಿದೆ. ಅದನ್ನು ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿದ್ದೆ, ಸಂಜೆ ನೋಡಿದರೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತೆ. ಅಳತೆ ನೋಡೋಕೆ ಸರಿ, ದುಡಿಯೋಕೆ ಆಗಲ್ಲ.

ಒಂದು ಶನಿವಾರ ಮಧ್ಯಾಹ್ನ ಸ್ಕೂಟರ್ ಪೀಣ್ಯದ ಕಡೆ ತಿರುಗಿಸಿದೆ. ಹೆಬ್ಬಾಳದಿಂದ ರಿಂಗ್ ರೋಡ್ ಹಿಡಿದು ಕುವೆಂಪು ಸರ್ಕಲ್, ಬಿಇಎಲ್ ಸರ್ಕಲ್, ಗೊರಗುಂಟೆಪಾಳ್ಯ. ದಿನಾ ಟ್ರಾಫಿಕ್ಕಿಗೆ ಬೈಯುತ್ತಾ ಹೋಗುವ ಈ ದಾರಿ ಬೆಂಗಳೂರಿನ ಲೋಹದ ಚರಿತ್ರೆಯ ದಾರಿಯೂ ಹೌದು. ಬಲಕ್ಕೆ ಜಾಲಹಳ್ಳಿ. ಅಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾಯಿತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಲೇತ್ ಮಾಡುವ ಕಾರ್ಖಾನೆ. ನಾವು ಎಚ್‌ಎಂಟಿ ಅಂದರೆ ವಾಚು ಅಂತೀವಿ, ಆದರೆ ಹೆಸರಲ್ಲಿರೋ ಎಂ.ಟಿ. 'ಮಷೀನ್ ಟೂಲ್ಸ್'. ಮರುವರ್ಷ, 1954ರಲ್ಲಿ, ಬಿಇಎಲ್ ಬಂತು. ಆ ಕಾರ್ಖಾನೆಗಳಲ್ಲಿ ಕೈ ಪಳಗಿದವರು, ಅವರ ಕೈಕೆಳಗೆ ಕಲಿತವರು ಎಷ್ಟೋ ಜನ ಪೀಣ್ಯದ ಶೆಡ್‌ಗಳಲ್ಲಿ ಸ್ವಂತ ಮಷೀನು ಹಾಕಿಕೊಂಡರು.

ನಾನು ಹೋದದ್ದು ಅಂಥದ್ದೇ ಒಂದು ಶೆಡ್ಡಿಗೆ. ಎರಡು ಲೇತ್, ಒಂದು ಮಿಲ್ಲಿಂಗ್ ಮಷೀನು, ಗೋಡೆಯ ಮೇಲೆ ಅರಿಶಿನ ಕುಂಕುಮ ಇಟ್ಟ ಲಕ್ಷ್ಮಿ ಫೋಟೊ, ಗಾಳಿಯಲ್ಲಿ ಕೂಲೆಂಟ್ ವಾಸನೆ. ಯಜಮಾನರಿಗೆ ಐವತ್ತು ದಾಟಿದೆ.

"ಎಷ್ಟು ಪೀಸು ಮೇಡಂ?"

"ನಾಲ್ಕು."

"ನಾಲ್ಕು ಸಾವಿರಾನಾ?"

"ಇಲ್ಲ ಅಣ್ಣ, ನಾಲ್ಕೇ."

ಅವರು ನನ್ನನ್ನೂ ಡ್ರಾಯಿಂಗನ್ನೂ ಒಂದು ಸಲ ನೋಡಿದರು. "ನೋಡಿ, ಸೆಟ್ಟಿಂಗ್‌ಗೆ ಅರ್ಧ ಗಂಟೆ, ಕಟಿಂಗ್‌ಗೆ ಐದು ನಿಮಿಷ. ಸಾವಿರ ಪೀಸಾದ್ರೆ ಆ ಅರ್ಧ ಗಂಟೆ ಎಲ್ಲದಕ್ಕೂ ಹಂಚಿಹೋಗುತ್ತೆ. ನಾಲ್ಕೇ ಅಂದ್ರೆ ನಿಮ್ ತಲೆ ಮೇಲೇ ಬೀಳುತ್ತೆ." ಒಂದೇ ಪೀಸು ಯಾಕೆ ದುಬಾರಿ ಅನ್ನೋದಕ್ಕೆ ಇದಕ್ಕಿಂತ ಚೆನ್ನಾದ ಪಾಠ ನನಗೆ ಕಾಲೇಜಿನಲ್ಲಿ ಸಿಕ್ಕಿರಲಿಲ್ಲ.

ಆಮೇಲೆ ಪೆನ್ನು ತೆಗೆದು ನನ್ನ ಡ್ರಾಯಿಂಗ್ ಮೇಲೆ ಗೀಚಿದರು. "ತೂತು ಐದು ಅಂತ ಬರೆದಿದೀರ. ಶಾಫ್ಟೂ ಐದು. ಐದರೊಳಗೆ ಐದು ಹೋಗುತ್ತಾ?"

ನಾನು ಬಾಯಿ ತೆರೆದೆ, ಮುಚ್ಚಿದೆ.

ಇಬ್ಬರೂ ವರ್ನಿಯರ್ ಹಿಡಿದು ಶಾಫ್ಟು ಅಳೆದೆವು. 4.98. ತೂತು 5.00ಕ್ಕೂ 5.012ಕ್ಕೂ ನಡುವೆ ಬಂದರೆ ಕೈಯಲ್ಲಿ ಒತ್ತಿದರೆ ಹೋಗಬೇಕು, ಆದರೆ ಲಟಪಟ ಅನ್ನಬಾರದು. ಆ 0.012 ಅಂದರೆ 12 ಮೈಕ್ರಾನ್. ನಮ್ಮ ತಲೆಗೂದಲೇ 50 ಮೈಕ್ರಾನಿಗಿಂತ ದಪ್ಪ ಇರುತ್ತೆ, ಲೆಕ್ಕ ಹಾಕಿಕೊಳ್ಳಿ. ಅದಕ್ಕೆ ಬರೀ ಡ್ರಿಲ್ ಸಾಲದು, 4.8ರ ಡ್ರಿಲ್ ಹಾಕಿ ಆಮೇಲೆ 5ರ ರೀಮರ್ ಎಳೆಯಬೇಕು ಅಂದರು. ಕಂಪ್ಯೂಟರ್‌ನಲ್ಲಿ ಐದು ಅಂದರೆ ಐದೇ. ಶೆಡ್ಡಿನಲ್ಲಿ ಐದು ಅನ್ನೋದು ಒಂದು ಗಡಿಯಿಂದ ಇನ್ನೊಂದು ಗಡಿಯವರೆಗಿನ ಜಾಗ, ಆ ಜಾಗ ಎಷ್ಟು ಅಂತ ಹೇಳೋದು ಡಿಸೈನ್ ಮಾಡಿದವರ ಜವಾಬ್ದಾರಿ.

ಎರಡನೇ ಪಾಠ ಇನ್ನೂ ಚೆನ್ನಾಗಿತ್ತು. ನಾನು ದುಂಡು ಹಿತ್ತಾಳೆ ಸರಳಿನಿಂದ ಆರು ಮುಖ ಮಿಲ್ಲಿಂಗ್ ಮಾಡೋದು ಅಂತ ಬರೆದಿದ್ದೆ. ಅವರು ಮೂಲೆಯಿಂದ ಒಂದು ಸರಳು ಎಳೆದು ತಂದರು. ಅದು ಆಗಲೇ ಆರು ಮೂಲೆಯದು! ನಟ್ಟು, ಪೈಪ್ ಫಿಟ್ಟಿಂಗ್ ಮಾಡೋಕೆ 12 ಮಿ.ಮೀ. ಹೆಕ್ಸ್ ಬಾರ್ ಅಂತಲೇ ಬರುತ್ತಂತೆ. ಲೇತ್‌ಗೆ ಕಚ್ಚಿಸಿ ತೂತು ಹಾಕಿ ಕತ್ತರಿಸಿದರೆ ಮುಗೀತು. ಇಂಥ ಸರಳು 12ಕ್ಕಿಂತ ಕೂದಲೆಳೆಯಷ್ಟು ಕಮ್ಮಿ ಇರುತ್ತೆ. ಚಕ್ರದೊಳಗೆ ಜಾರಿ ಕೂರೋಕೆ ನಮಗೆ ಬೇಕಾದದ್ದೂ ಅದೇ. ಪಿನ್ನಿನ ಗಾಡಿಗೂ ಅವರದ್ದೇ ಉಪಾಯ. ಮೊದಲು ಸರಳಿಗೆ ಅಡ್ಡಕ್ಕೆ 2 ಮಿ.ಮೀ. ತೂತು ಕೊರೆದರು. ಆಮೇಲೆ ಆ ತೂತಿನ ಬಾಯಿ ತೆರೆದುಕೊಳ್ಳುವವರೆಗೆ ಮುಖ ತಿರುವಿದರು. ಉಳಿದದ್ದನ್ನು ಸಣ್ಣ ಅರದಲ್ಲಿ ಉಜ್ಜಿದರು.

ಹುಡುಗನ ಹೆಸರಿನ ಅಕ್ಷರ ಕೆತ್ತಿಸಬೇಕು ಅಂತ ನಾನು ಮಾಡಿದ್ದ ಕುಸುರಿಯನ್ನೆಲ್ಲ ಹೊಡೆದುಹಾಕಿದರು. "ಚಕ್ರದ ಒಳಗಿರೋದು ಯಾರು ನೋಡ್ತಾರಮ್ಮ?" ಮೇಡಂ ಹೋಗಿ ಅಮ್ಮ ಆಗಿದ್ದೆ.

8 ಮಿ.ಮೀ. ದಪ್ಪದ ನಾಲ್ಕು ಹಿತ್ತಾಳೆ ಬಿಲ್ಲೆಗಳು. ಒಂದೊಂದೂ ಸುಮಾರು 7 ಗ್ರಾಂ. ಅಲ್ಯೂಮಿನಿಯಂ ಆಗಿದ್ದರೆ ಎರಡು ಗ್ರಾಂ ಚಿಲ್ಲರೆ ಇರುತ್ತಿತ್ತು, ಆದರೆ ಕ್ರಾಲರ್‌ಗೆ ತೂಕ ಕೆಳಗಿದ್ದಷ್ಟೂ ಒಳ್ಳೆಯದು, ಮಗುಚಲ್ಲ. ಎಂಟುನೂರು ರೂಪಾಯಿ ಕೊಟ್ಟು, ಚಿನ್ನ ತಂದ ಹಾಗೆ ಪೊಟ್ಟಣ ಕಟ್ಟಿಸಿಕೊಂಡು ಬಂದೆ. "ಆಟದ ಸಾಮಾನಿಗೆ ಎಂಟುನೂರಾ?" ಅಂದರು ಅಮ್ಮ. ಹುಡುಗ ಮಾತ್ರ ಅವನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ.

ಗಟ್ಟಿ ಮಾಡಿದಷ್ಟೂ

ಮೂರು ಭಾನುವಾರ ಹಬ್ಬ. ನಾಲ್ಕನೆಯದಕ್ಕೆ ಅದೇ ಕಲ್ಲಿನ ಸಂದಿ, ಅದೇ 'ಟಕ್'. ಈ ಸಲ ಬಿಲ್ಲೆಗೆ ಏನೂ ಆಗಿರಲಿಲ್ಲ. ಶಾಫ್ಟೇ ತುಂಡು. ಅದೂ ಪಿನ್ನಿನ ತೂತು ಇರುವ ಜಾಗದಲ್ಲೇ. 5 ಮಿ.ಮೀ. ಶಾಫ್ಟಿನಲ್ಲಿ 2 ಮಿ.ಮೀ. ತೂತು ಹೋದರೆ ಅಲ್ಲಿ ಉಳಿಯೋದು ಎಷ್ಟು?

ಮತ್ತೆ ಪೀಣ್ಯ. ಈ ಸಲ ಇಎನ್-24 ಅನ್ನೋ ಗಟ್ಟಿ ಉಕ್ಕಿನಲ್ಲಿ ಶಾಫ್ಟು. ಕೈಯಲ್ಲಿ ಹಿಡಿದರೆ ಇದು ಮುರಿಯೋದು ಈ ಜನ್ಮದಲ್ಲಿ ಇಲ್ಲ ಅನ್ನಿಸಿತು. ಮುರಿಯಲೂ ಇಲ್ಲ. ಮುರಿದದ್ದು ಕ್ರೌನ್-ಪಿನಿಯನ್. ಆಕ್ಸಲ್ ಡಬ್ಬಿಯೊಳಗೆ, ಉದ್ದಕ್ಕೆ ಬಂದ ತಿರುಗಣೆಯನ್ನು ಅಡ್ಡಕ್ಕೆ ತಿರುಗಿಸುವ ಹಲ್ಲುಚಕ್ರದ ಜೋಡಿ. ಐದು ಹಲ್ಲು ಉದುರಿ ಗ್ರೀಸಿನಲ್ಲಿ ತೇಲುತ್ತಿದ್ದವು. ಅದನ್ನು ಸಣ್ಣ ಶೆಡ್ಡಿನಲ್ಲಿ ಮಾಡೋಕಾಗಲ್ಲ, ಹಲ್ಲು ಕತ್ತರಿಸೋಕೆ ಬೇರೆಯೇ ಮಷೀನು ಬೇಕು. ಹೊರಗಿನಿಂದಲೇ ತರಿಸಬೇಕು. ಇಡೀ ಗಾಡಿಯಲ್ಲಿ ಅದೇ ದುಬಾರಿ ಪಾರ್ಟು.

ಅದು ಮುರಿದದ್ದು ನನ್ನ ಆಫೀಸಿನಲ್ಲಿ ರಿಲೀಸ್ ಇದ್ದ ವಾರ. ಅದೇ ತಿಂಗಳು ಅಪ್ಪನ ಮಂಡಿ ಆಪರೇಷನ್ ಕೂಡ ಆಗಿತ್ತು. ಆಸ್ಪತ್ರೆ, ಇನ್ಶೂರೆನ್ಸ್, ಫಿಸಿಯೋಥೆರಪಿ, ರಾತ್ರಿಯ ಕಾಲ್, ಎಲ್ಲಾ ನಾನೇ. "ನೀನಿದೀಯಲ್ಲ" ಅಂತ ಎಲ್ಲರೂ ಅಂದರು, ನಾನೂ "ನಾನಿದೀನಲ್ಲ" ಅಂದೆ. ಯಾರಿಗೂ, ಯಾವುದಕ್ಕೂ ಆಗಲ್ಲ ಅನ್ನಲಿಲ್ಲ.

ಭಾನುವಾರ ನಾಲ್ಕು ಗಂಟೆಗೆ ಹುಡುಗ ರಿಮೋಟ್ ಹಿಡಿದು ನನ್ನ ರೂಮಿನ ಬಾಗಿಲಲ್ಲಿ ನಿಂತ. "ಅತ್ತೆ, ಗೇರ್ ಯಾವಾಗ ಬರುತ್ತೆ?" ಹಿಂದಿನ ರಾತ್ರಿ ನಾನು ಮಲಗಿರಲಿಲ್ಲ. "ಒಂದು ಆಟದ ಸಾಮಾನಿಗೆ ಎಷ್ಟು ಸಲ ಗೋಳು ಹುಯ್ಕೋತೀಯ? ಹೋಗಾಚೆ!" ಅಂತ ಕಿರುಚಿಬಿಟ್ಟೆ. ಅವನು ಅಳಲಿಲ್ಲ. ರಿಮೋಟನ್ನು ಮೆಲ್ಲಗೆ ಟೇಬಲ್ ಮೇಲಿಟ್ಟು ಹೋದ. ಆಮೇಲೆ ಎರಡು ವಾರ ಟ್ರಕ್ಕಿನ ಮಾತೇ ಎತ್ತಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಅಷ್ಟೆ.

ಮಿಕ್ಸಿ ಕಪ್ಲರ್

ಉದುರಿದ ಹಲ್ಲುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಪೀಣ್ಯಕ್ಕೆ ಹೋದೆ. ಯಜಮಾನರು ಕನ್ನಡಕ ಏರಿಸಿ ನೋಡಿದರು.

"ಮೊದಲು ಏನಮ್ಮ ಮುರಿದಿದ್ದು?"

"ಬಿಲ್ಲೆ. ಪ್ಲಾಸ್ಟಿಕ್ಕಿಂದು."

"ಆಮೇಲೆ?"

"ಶಾಫ್ಟು."

ಅವರು ನಕ್ಕರು. "ನಿಮ್ಮನೇಲಿ ಮಿಕ್ಸಿ ಇದೆಯಲ್ವಾ? ಜಾರ್ ಕೆಳಗೆ ಕಪ್ಲರ್ ಅಂತ ಇರುತ್ತೆ. ಕಡಲೆಬೇಳೆ ಜಾಸ್ತಿಯಾಗಿ ಬ್ಲೇಡು ಕಚ್ಚಿಕೊಂಡ್ರೆ ಅದು ಹೋಗುತ್ತೆ. ಅಂಗಡಿಗೆ ಹೋಗಿ ಹೊಸದು ಹಾಕಿಸ್ಕೋತೀರ. ಅದನ್ನೇ ಸ್ಟೀಲಲ್ಲಿ ಮಾಡಿಸ್ಕೊಡಿ ಅಂತ ಯಾರಾದ್ರೂ ಕೇಳ್ತಾರಾ? ಕೇಳಿದ್ರೆ ಮೋಟ್ರು ಸುಡುತ್ತೆ. ಮೊದಲು ಪ್ಲಾಸ್ಟಿಕ್ ಹಾಕಿದ್ದವರು ದಡ್ಡರಲ್ಲಮ್ಮ."

ನಾನು ಒಂಬತ್ತು ವರ್ಷದ ಹಿಂದೆ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ ಇದನ್ನ. ನಮ್ಮ ಟ್ರಕ್ಕಿನಲ್ಲಿ ಮೋಟಾರು ಸುಮಾರು 40 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ವೇಗ ಅಷ್ಟು ಪಟ್ಟು ಇಳಿದರೆ, ಘರ್ಷಣೆಗೆ ಹೋಗುವುದನ್ನು ಬಿಟ್ಟು, ತಿರುಗುಬಲ ಅಷ್ಟೇ ಪಟ್ಟು ಏರುತ್ತೆ. ಚಕ್ರ ಕಲ್ಲಿಗೆ ಸಿಕ್ಕಿ ನಿಂತಾಗ ಆ ಬಲ ಎಲ್ಲಿಗೋ ಹೋಗಲೇಬೇಕು. ಗೇರು, ಶಾಫ್ಟು, ಪಿನ್ನು, ಬಿಲ್ಲೆ, ಎಲ್ಲಾ ಒಂದೇ ಸಾಲಿನಲ್ಲಿ ನಿಂತಿವೆ. ಅವುಗಳಲ್ಲಿ ಯಾವುದು ಮೆತ್ತಗೋ ಅದು ಮುರಿಯುತ್ತೆ. ನಾನು ಒಂದೊಂದನ್ನೇ ಗಟ್ಟಿ ಮಾಡುತ್ತಾ ಮುರಿತವನ್ನು ಅಗ್ಗದ ಕಡೆಯಿಂದ ದುಬಾರಿ ಕಡೆಗೆ ತಳ್ಳಿಕೊಂಡು ಹೋಗಿದ್ದೆ. ಮನೆಯ ಫ್ಯೂಸು, ಕುಕ್ಕರಿನ ಸೇಫ್ಟಿ ವಾಲ್ವ್, ಟ್ರ್ಯಾಕ್ಟರಿನ ರೋಟಾವೇಟರ್‌ಗೆ ಹಾಕುವ ಶಿಯರ್ ಬೋಲ್ಟು, ಎಲ್ಲದರ ಕೆಲಸವೂ ತಾನು ಸೋತು ದೊಡ್ಡದನ್ನು ಉಳಿಸೋದು. ಕೆಲವು ದೊಡ್ಡ ಟ್ರಕ್ಕುಗಳಲ್ಲಿ ಇದಕ್ಕೇ ಜಾರುವ ಕ್ಲಚ್ ಇರುತ್ತೆ. ನಮ್ಮದರಲ್ಲಿ ಇಲ್ಲ.

ಪರಿಹಾರ ಪುಟ್ಟದು. ಬಿಲ್ಲೆ ಹಿತ್ತಾಳೆಯದೇ ಇರಲಿ, ಶಾಫ್ಟು ಉಕ್ಕಿನದೇ ಇರಲಿ. ನಡುವಿನ ಗಟ್ಟಿ ಉಕ್ಕಿನ ಪಿನ್ನು ತೆಗೆದು ಅದೇ 2 ಮಿ.ಮೀ. ದಪ್ಪದ ಹಿತ್ತಾಳೆ ಪಿನ್ನು ಹಾಕೋದು. ಹಳೇ ಸೂತ್ರ ಹುಡುಕಿ ಲೆಕ್ಕ ಹಾಕಿದೆ. ಪಿನ್ನು ಶಾಫ್ಟಿನ ಎರಡು ಬದಿಯಲ್ಲಿ ಕತ್ತರಿಸಬೇಕು. ನನ್ನ ಲೆಕ್ಕದಲ್ಲಿ ಸುಮಾರು 4 ನ್ಯೂಟನ್-ಮೀಟರ್ ತಿರುಗುಬಲಕ್ಕೆ ಅದು ಕೈಬಿಡುತ್ತೆ. ಗೇರಿನ ಹಲ್ಲು ಅದಕ್ಕಿಂತ ಹೆಚ್ಚು ತಡೆಯುತ್ತಾ ಅನ್ನೋದನ್ನು ಕಲ್ಲಿನ ರಾಶಿಯೇ ಹೇಳಬೇಕು. ಯಜಮಾನರು ಹಿತ್ತಾಳೆ ಕಡ್ಡಿಯಿಂದ 10 ಮಿ.ಮೀ. ಉದ್ದದ ಇಪ್ಪತ್ತು ತುಂಡು ಕತ್ತರಿಸಿ, ತುದಿಯ ಚೂಪು ಉಜ್ಜಿ ಕೊಟ್ಟರು. ದುಡ್ಡು ಕೇಳಲಿಲ್ಲ. "ಹುಡುಗನ್ನ ಒಂದಿನ ಕರ್ಕೊಂಡ್ ಬನ್ನಿ" ಅಂದರು.

ವಾಪಸ್ ಬರುವಾಗ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಆ ತಿಂಗಳು ಆಗಲ್ಲ ಅನ್ನಬಹುದಾಗಿದ್ದ ಎಷ್ಟೋ ಇತ್ತು. ಒಂದು ಶನಿವಾರದ ಕಾಲ್. ಒಂದು ಇನ್ಶೂರೆನ್ಸ್ ಫಾರ್ಮು, ಅದನ್ನ ಅಣ್ಣ ತುಂಬಬಹುದಿತ್ತು. ಅವೆಲ್ಲ ಎರಡು ಮಿಲಿಮೀಟರಿನವು, ಮುರಿದಿದ್ದರೂ ಸೋಮವಾರ ಹೊಸದು ಹಾಕಬಹುದಿತ್ತು. ಅದನ್ನೆಲ್ಲ ಉಕ್ಕು ಮಾಡಿಟ್ಟು ನಾನು ಮುರಿದದ್ದು ಒಬ್ಬ ಹತ್ತು ವರ್ಷದವನ ಜೊತೆಗಿನ ಸಲುಗೆಯನ್ನ.

ಮಾರನೇ ದಿನ ಮ್ಯಾನೇಜರ್‌ಗೆ ಬರೆದೆ: ಭಾನುವಾರ ನಾಲ್ಕರಿಂದ ಆರು ನಾನು ಫೋನ್ ಎತ್ತಲ್ಲ. ಅಣ್ಣನಿಗೆ ಅಪ್ಪನ ಫಿಸಿಯೋಥೆರಪಿ ಒಪ್ಪಿಸಿದೆ. ಆಕಾಶ ಬೀಳಲಿಲ್ಲ. ಹುಡುಗನ ಹತ್ತಿರ ಹೋಗಿ ತಪ್ಪಾಯ್ತು ಅಂದೆ. ಅವನು ಕೇಳಿದ್ದು ಒಂದೇ: "ಗೇರ್ ಬಂತಾ?"

ನೀವೂ ಮಾಡಿಸೋದಾದರೆ

ನಿಮ್ಮ ಟ್ರಕ್ಕಿಗೋ, ಸೈಕಲ್ಲಿಗೋ, ಹಳೇ ಟೇಪ್‌ರೆಕಾರ್ಡರಿಗೋ ಒಂದು ಪಾರ್ಟು ಮಾಡಿಸುವ ಮನಸ್ಸಿದ್ದರೆ, ನನಗೆ ತಿಳಿದಷ್ಟು:

• ಮೊದಲು ವರ್ನಿಯರ್ ಕೊಳ್ಳಿ. ಒಂದೇ ಜಾಗವನ್ನು ಮೂರು ಸಲ ಅಳೆಯಿರಿ.

• ಡ್ರಾಯಿಂಗಿನಲ್ಲಿ ಅಳತೆಯ ಜೊತೆ ಏನು ಬಿಗಿ ಕೂರಬೇಕು, ಏನು ಜಾರಬೇಕು ಅಂತ ಬರೆಯಿರಿ. ಸಾಧ್ಯವಾದರೆ ಜೊತೆಗೆ ಕೂರುವ ಪಾರ್ಟನ್ನೇ ತೆಗೆದುಕೊಂಡು ಹೋಗಿ.

• ಮಾರುಕಟ್ಟೆಯಲ್ಲಿ ಯಾವ ಸರಳು, ಯಾವ ತಗಡು ಸಿಗುತ್ತೆ ಅಂತ ಕೇಳಿಕೊಂಡು ಡಿಸೈನ್ ಮಾಡಿ.

• ಒಳಮೂಲೆಗಳನ್ನು ಚೂಪಾಗಿ ಬರೆಯಬೇಡಿ. ತಿರುಗುವ ಕಟರ್ ದುಂಡು, 3 ಮಿ.ಮೀ. ಕಟರ್ ಒಳಮೂಲೆಯಲ್ಲಿ ಕನಿಷ್ಠ 1.5 ಮಿ.ಮೀ. ತ್ರಿಜ್ಯ ಬಿಟ್ಟೇ ಬಿಡುತ್ತೆ.

• ಯಾವುದು ಮುರಿಯಬೇಕು ಅಂತ ಮೊದಲೇ ತೀರ್ಮಾನ ಮಾಡಿ. ಅದು ಅಗ್ಗವಾಗಿರಲಿ, ಕೈಗೆ ಸಿಗುವ ಜಾಗದಲ್ಲಿರಲಿ, ಜೇಬಲ್ಲಿ ಇನ್ನೊಂದಿರಲಿ.

ಗೇರು ಕೊನೆಗೂ ಬಂತು. ಹೋದ ಭಾನುವಾರ ಮತ್ತೆ ಸೈಜುಗಲ್ಲಿನ ರಾಶಿ. ಹಳೇ ಸಂದಿಯಲ್ಲೇ ಚಕ್ರ ಸಿಕ್ಕಿಕೊಂಡಿತು. 'ಟಿಕ್'. ಈ ಸಲದ ಸದ್ದು ಸಣ್ಣದು. ಹುಡುಗ ಓಡಿಹೋಗಿ ಗಾಡಿ ಎತ್ತಿಕೊಂಡು ಬಂದ, ಮುಖವೆಲ್ಲ ಬೆಳಕು.

"ಅತ್ತೆ, ಪಿನ್ನು ಮುರೀತು! ಪಿನ್ನೇ ಮುರೀತು!"

ನಟ್ಟು ಬಿಚ್ಚಿ, ತುಂಡು ತಳ್ಳಿ, ಹೊಸ ಪಿನ್ನು ಕೂರಿಸಿ, ನಟ್ಟು ಬಿಗಿದ. ಐದು ನಿಮಿಷ. ಒಳಗೆ ನನ್ನ ಫೋನು ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಡಬ್ಬಿಯಲ್ಲಿ ಇನ್ನೂ ಸಾಕಷ್ಟು ಪಿನ್ನಿತ್ತು.